ಬೆಳೆಸುವವರು ಒಬ್ಬರು, ಕರೆದೊಯ್ಯುವವರು ಇನ್ನೊಬ್ಬರು: ಬ್ರೇದಾಬ್ಲಿಕ್ ಮಹಿಳಾ ತಂಡದ ಹಿನ್ನೆಲೆ

ಐಸ್‌ಲ್ಯಾಂಡಿನ ಮಹಿಳಾ ಫುಟ್‌ಬಾಲ್ ವಿಷಯ ಬಂದಾಗ ಎರಡು ಮಾತು ಜೊತೆಜೊತೆಗೇ ಕೇಳಿಬರುತ್ತವೆ. ನಾಲ್ಕು ಲಕ್ಷ ಜನವೂ ತುಂಬದ ದೇಶ 2009ರಿಂದ 2025ರವರೆಗೆ ಸತತ ಐದು ಯೂರೋ ಟೂರ್ನಿಗಳಲ್ಲಿ, ಅಂದರೆ ಯುರೋಪಿನ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಷಿಪ್‌ನಲ್ಲಿ, ಆಡಿತಲ್ಲ ಎಂಬ ಬೆರಗು ಒಂದು. ಅದೇ ದೇಶದ ಕ್ಲಬ್ಬುಗಳು ಯುರೋಪಿನ ದೊಡ್ಡ ಕ್ಲಬ್ಬುಗಳ ಎದುರು ಯಾಕೆ ಹೀಗೆ ಮುದುಡುತ್ತವೆ ಎಂಬ ಪ್ರಶ್ನೆ ಇನ್ನೊಂದು. ದುಡ್ಡು, ಹವಾಮಾನ, ನಿಯಮ, ವೇಳಾಪಟ್ಟಿ ಎಲ್ಲವೂ ಒಂದಕ್ಕೊಂದು ತಳುಕು ಹಾಕಿಕೊಂಡಿರುವುದರಿಂದ ಒಂದೇ ಎಳೆ ಹಿಡಿದು ಎಳೆದರೆ ಗಂಟು ಬಿಗಿಯಾಗುತ್ತದೆ. ಬಿಡಿಸಲು ಹೊರಡುವವರಿಗೆ ಬ್ರೇದಾಬ್ಲಿಕ್ ಕ್ಲಬ್ಬಿನ ಕಥೆಯಷ್ಟು ಅನುಕೂಲವಾದದ್ದು ಬೇರೆ ಇಲ್ಲ.

ರಾಜಧಾನಿ ರೇಕ್ಯಾವಿಕ್‌ಗೆ ಅಂಟಿಕೊಂಡಿರುವ ಕೋಪಾವೋಗುರ್ ಎಂಬ ಊರಿನ ಕ್ಲಬ್ ಇದು. 1950ರಲ್ಲಿ ಹುಟ್ಟಿದ್ದು, ಅಂಗಿ ಹಸಿರು. ಯಾವುದೋ ಶ್ರೀಮಂತನ ಆಸ್ತಿಯಲ್ಲ. ಐಸ್‌ಲ್ಯಾಂಡಿನ ಬಹುತೇಕ ಕ್ಲಬ್ಬುಗಳಂತೆ ಸದಸ್ಯರ ಸಂಘ. ಹಲವು ಕ್ರೀಡೆಗಳಲ್ಲಿ ಫುಟ್‌ಬಾಲ್ ಒಂದು. ಮೈದಾನಕ್ಕೆ ಊರಿನ ಪುರಸಭೆಯ ಒತ್ತಾಸೆ ಇದೆ, ದಿನನಿತ್ಯದ ಕೆಲಸಕ್ಕೆ ಆಟಗಾರರ ಅಪ್ಪ ಅಮ್ಮಂದಿರೇ ಸ್ವಯಂಸೇವಕರು.

ದೇಶದ ಮಹಿಳಾ ಲೀಗ್ ಶುರುವಾದದ್ದು 1972ರಲ್ಲಿ. ಮೂರು ವರ್ಷದ ನಂತರ, 1975ರ ಅಕ್ಟೋಬರ್ 24ರಂದು, ಐಸ್‌ಲ್ಯಾಂಡಿನ ಶೇ 90ರಷ್ಟು ಹೆಂಗಸರು ಸಮಾನ ಹಕ್ಕಿಗಾಗಿ ಮನೆಗೆಲಸ, ಕಚೇರಿ ಕೆಲಸ ಎರಡನ್ನೂ ಬಿಟ್ಟು ಬೀದಿಗಿಳಿದರು. ಬ್ರೇದಾಬ್ಲಿಕ್‌ನ ಮೊದಲ ಲೀಗ್ ಪ್ರಶಸ್ತಿ ಬಂದದ್ದು 1977ರಲ್ಲಿ, ಆ ಗಾಳಿ ಇನ್ನೂ ಬೀಸುತ್ತಿದ್ದಾಗಲೇ. 1979ರಿಂದ 1983ರವರೆಗೆ ಬೇರೆ ಯಾರಿಗೂ ಕಪ್ ಬಿಟ್ಟುಕೊಡಲಿಲ್ಲ. 1990ರ ದಶಕದಲ್ಲಿ ಆರು, ಹೊಸ ಶತಮಾನದ ಹೊಸ್ತಿಲಲ್ಲಿ ಮತ್ತೆರಡು, 2005ರಲ್ಲಿ ಇನ್ನೊಂದು.

ಇದೇ ಕ್ಲಬ್ಬಿನ ಪುರುಷರ ತಂಡ ಮೊದಲ ಸಲ ಲೀಗ್ ಗೆದ್ದದ್ದು 2010ರಲ್ಲಿ. ಅಷ್ಟರಲ್ಲಿ ಹೆಂಗಸರ ಹೆಸರಿನಲ್ಲಿ ಹದಿನೈದು ಪ್ರಶಸ್ತಿಗಳಿದ್ದವು. ಕ್ಲಬ್ಬಿನ ಇತಿಹಾಸ ಎಂದರೆ ಹೆಂಗಸರ ಇತಿಹಾಸ ಎಂದು ಹೇಳಿದರೆ ತಪ್ಪಾಗದು. ಯಾಕೋ ಯಾರೂ ಹಾಗೆ ಹೇಳುವುದಿಲ್ಲ.

ಎಲ್ಲವೂ ಏರುದಾರಿಯೇ ಆಗಿತ್ತು ಎಂದುಕೊಳ್ಳಬೇಡಿ. ರಾಷ್ಟ್ರೀಯ ಮಹಿಳಾ ತಂಡ ಮೊದಲ ಪಂದ್ಯ ಆಡಿದ್ದು 1981ರಲ್ಲಿ, ಸ್ಕಾಟ್ಲೆಂಡ್ ವಿರುದ್ಧ. 1987ರ ನಂತರ ಆ ತಂಡವೇ ನಿಂತುಹೋಯಿತು, ಮತ್ತೆ ಕೂಡಿಬಂದದ್ದು 1992ರಲ್ಲಿ. ಅಂದರೆ 1990 ಮತ್ತು 1991ರಲ್ಲಿ ಲೀಗ್ ಗೆದ್ದ ಬ್ರೇದಾಬ್ಲಿಕ್ ಹುಡುಗಿಯರಿಗೆ ಆಯ್ಕೆಯಾಗಲು ದೇಶದ ತಂಡವೇ ಇರಲಿಲ್ಲ. ಆ ದಶಕದಲ್ಲಿ ಕ್ಲಬ್ಬಿಗೆ ಆಡಿ, ತರಬೇತಿಯನ್ನೂ ಕೊಟ್ಟ ವಾಂಡಾ ಸಿಗುರ್‌ಗೇರ್ಸ್‌ದೋತಿರ್ 2021ರಲ್ಲಿ ಐಸ್‌ಲ್ಯಾಂಡ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷೆಯಾದರು. ಯುರೋಪಿನ ಫುಟ್‌ಬಾಲ್ ಒಕ್ಕೂಟದ ಸದಸ್ಯ ಸಂಸ್ಥೆಯೊಂದಕ್ಕೆ ಹೆಣ್ಣೊಬ್ಬಳು ಅಧ್ಯಕ್ಷೆಯಾದದ್ದು ಅದೇ ಮೊದಲು.

ಆಟಗಾರ್ತಿಯರು ತಯಾರಾಗುವ ಬಗೆಯಲ್ಲಿ ಗುಟ್ಟೇನಿಲ್ಲ, ಖರ್ಚಿದೆ. 2000ದ ಸುಮಾರಿಗೆ ಐಸ್‌ಲ್ಯಾಂಡ್ ಪೂರ್ಣ ಪ್ರಮಾಣದ ಒಳಾಂಗಣ ಫುಟ್‌ಬಾಲ್ ಮೈದಾನಗಳನ್ನು ಕಟ್ಟತೊಡಗಿತು. ಕೋಪಾವೋಗುರ್‌ನ ‘ಫೀಫಾನ್’ ತೆರೆದದ್ದು 2002ರಲ್ಲಿ. ಅಲ್ಲಿಯವರೆಗೆ ಚಳಿಗಾಲ ಎಂದರೆ ಜಲ್ಲಿ ನೆಲ, ಇಲ್ಲವೇ ಶಾಲೆಯ ಜಿಮ್. ಪುಟ್ಟ ಮಕ್ಕಳಿಗೂ ಯುರೋಪಿನ ಪರವಾನಗಿ ಪಡೆದ, ಸಂಬಳ ತೆಗೆದುಕೊಳ್ಳುವ ಕೋಚ್‌ಗಳೇ ಕಲಿಸುತ್ತಾರೆ. 1985ರಿಂದ ಪ್ರತಿ ಬೇಸಿಗೆಯಲ್ಲಿ ಕ್ಲಬ್ ‘ಸೀಮಾಮೋಟಿದ್’ ಎಂಬ ಹುಡುಗಿಯರ ಟೂರ್ನಿ ನಡೆಸುತ್ತದೆ. ದೇಶದ ಮೂಲೆಮೂಲೆಯಿಂದ ಸಾವಿರಾರು ಹುಡುಗಿಯರು ಬಂದು ಆಡುತ್ತಾರೆ. ಮುಂದೆ ದೇಶಕ್ಕೆ ಆಡುವವರಲ್ಲಿ ಈ ಹುಲ್ಲು ತುಳಿಯದವರನ್ನು ಹುಡುಕುವುದೇ ಕಷ್ಟ.

ಯುರೋಪಿನ ಕ್ಲಬ್ ಕಪ್‌ನಲ್ಲಿ ಬ್ರೇದಾಬ್ಲಿಕ್ ಒಮ್ಮೆ, 2006–07ರಲ್ಲಿ, ಕ್ವಾರ್ಟರ್ ಫೈನಲ್ ತನಕ ಹೋಗಿ ಆರ್ಸೆನಲ್‌ಗೆ ಸೋತಿತು. ಆ ವರ್ಷ ಕಪ್ ಎತ್ತಿದ್ದು ಅದೇ ಆರ್ಸೆನಲ್. ಆಗ ದೊಡ್ಡ ಕ್ಲಬ್ಬುಗಳೂ ಹೆಂಗಸರ ಆಟಕ್ಕೆ ಹೆಚ್ಚು ಸುರಿಯುತ್ತಿರಲಿಲ್ಲವಾದ್ದರಿಂದ ಅಂತರ ಕಡಿಮೆ ಇತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅಂತರ ಕಂದಕವಾಯಿತು.

ಈಗ 2020ಕ್ಕೆ ಬರೋಣ. ಇಡೀ ಗೋಜಲು ಒಂದೇ ವರ್ಷದಲ್ಲಿ ಬಿಚ್ಚಿಕೊಂಡದ್ದು ಇಲ್ಲಿ.

ಕೋವಿಡ್‌ನಿಂದಾಗಿ ಆ ವರ್ಷದ ಲೀಗ್ ಅಕ್ಟೋಬರ್ ಕೊನೆಯಲ್ಲಿ ಅರ್ಧಕ್ಕೇ ನಿಂತಿತು. ಮುಂದಿದ್ದ ಬ್ರೇದಾಬ್ಲಿಕ್ ಚಾಂಪಿಯನ್ ಎಂದು ಘೋಷಣೆಯಾಯಿತು, ಹದಿನೆಂಟನೇ ಸಲ. ಆ ಗೆಲುವಿನಿಂದ ಮರುವರ್ಷದ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್ ಕಪ್‌ನ ಈಗಿನ ಹೆಸರು) ಅರ್ಹತಾ ಸುತ್ತಿಗೆ ಜಾಗ ಸಿಕ್ಕಿತು. ಆದರೆ ಚಳಿಗಾಲ ಕಳೆಯುವುದರೊಳಗೆ ಆ ತಂಡವೇ ಉಳಿದಿರಲಿಲ್ಲ. ಎಲ್ಲರೂ ಜರ್ಮನಿಯ ಕ್ಲಬ್ಬುಗಳ ಕಡೆಗೆ: ಕರೋಲಿನಾ ಲೇಯಾ ಬಾಯರ್ನ್ ಮ್ಯೂನಿಕ್‌ಗೆ, ಅಲೆಕ್ಸಾಂಡ್ರಾ ಯೋಹಾನ್ಸ್‌ದೋತಿರ್ ಫ್ರಾಂಕ್‌ಫರ್ಟ್‌ಗೆ ಹೋದರು. ಎರವಲಿನ ಮೇಲೆ ಬಂದು ಆಡಿದ್ದ ಸ್ವೇನ್‌ದೀಸ್ ಜೇನ್ ವೋಲ್ಫ್ಸ್‌ಬರ್ಗ್‌ಗೆ ಸಹಿ ಹಾಕಿದಳು. ಕೋಚ್ ಥೋರ್ಸ್ಟೇನ್ ಹಾಲ್ಡೋರ್ಸನ್ ಅವರನ್ನು ರಾಷ್ಟ್ರೀಯ ತಂಡ ಕರೆದುಕೊಂಡಿತು. ಯಾರೂ ತಪ್ಪು ಮಾಡಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿಗೆ ಬಾಯರ್ನ್‌ನಿಂದ ಕರೆ ಬಂದರೆ ಬೇಡ ಎನ್ನು ಎಂದು ಯಾರು ತಾನೇ ಹೇಳಿಯಾರು?

ಗಂಡಸರ ಫುಟ್‌ಬಾಲ್‌ನಲ್ಲಾದರೆ ಇಂಥ ಹೊತ್ತಿನಲ್ಲಿ ಬೆಳೆಸಿದ ಕ್ಲಬ್ಬುಗಳ ಕೈಗೆ ಒಂದಿಷ್ಟು ಹಣ ಸೇರುತ್ತದೆ. ಯುವ ಆಟಗಾರ ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದಾಗ, ಇಲ್ಲವೇ 23 ತುಂಬುವ ವರ್ಷ ಮುಗಿಯುವುದರೊಳಗೆ ಬೇರೆ ದೇಶಕ್ಕೆ ಹೋದಾಗ, ಹನ್ನೆರಡನೇ ವಯಸ್ಸಿನಿಂದ ಅವನಿಗೆ ಕಲಿಸಿದವರಿಗೆ ‘ತರಬೇತಿ ಪರಿಹಾರ’ ಕೊಡಬೇಕೆಂದು ಫಿಫಾ ನಿಯಮವಿದೆ. ಆ ನಿಯಮ ಮಹಿಳಾ ಫುಟ್‌ಬಾಲ್‌ಗೆ ಅನ್ವಯಿಸುವುದಿಲ್ಲ ಎಂದು ಅದೇ ನಿಯಮಾವಳಿಯಲ್ಲಿ ಬರೆದಿಟ್ಟಿದ್ದರು. ಇನ್ನೂ ಎಳೆಯದಾದ ಆಟಕ್ಕೆ ಇಂಥ ಹೊರೆ ಹೇರಿದರೆ ಆಟಗಾರ್ತಿಯರನ್ನು ಕೊಳ್ಳುವವರೇ ಇರುವುದಿಲ್ಲ ಎಂಬುದು ಅದರ ಪರ ವಾದ. ಒಂದು ಕಾಲಕ್ಕೆ ಅದು ಸರಿಯೇ ಇದ್ದಿರಬಹುದು. ವರ್ಗಾವಣೆ ಶುಲ್ಕದಲ್ಲಿ ಶೇ 5ರಷ್ಟನ್ನು ಹಳೆಯ ಕ್ಲಬ್ಬುಗಳಿಗೆ ಹಂಚುವ ಇನ್ನೊಂದು ನಿಯಮ ಹೆಂಗಸರಿಗೂ ಇದೆ. ಆದರೆ ಒಪ್ಪಂದ ಮುಗಿದ ಮೇಲೆ ಹೊರಡುವವರೇ ಹೆಚ್ಚು, ಅವರಿಗೆ ಶುಲ್ಕವೇ ಇಲ್ಲ. ಸೊನ್ನೆಯಲ್ಲಿ ಶೇ 5 ಎಷ್ಟು ಎಂದು ಹೇಳಲು ಅಕೌಂಟೆಂಟ್ ಬೇಕಿಲ್ಲ. ಇದರ ಜೊತೆಗೆ ಅಮೆರಿಕದ ಕಾಲೇಜುಗಳ ವಿದ್ಯಾರ್ಥಿವೇತನದ ಸೆಳೆತವೂ ಇದೆ. ಅಲ್ಲಿ ತರಗತಿ ಶುರುವಾಗುವುದು ಆಗಸ್ಟ್‌ನಲ್ಲಿ, ಇಲ್ಲಿ ಲೀಗ್ ಕಾವೇರುವುದೂ ಆಗಲೇ.

ಇಷ್ಟಾದರೂ 2021ರಲ್ಲಿ ಉಳಿದವರು, ಹೊಸಬರು ಸೇರಿ ಅಚ್ಚರಿ ಮೂಡಿಸಿದರು. ಫಾರೋ ದ್ವೀಪದ ಕ್ಲಾಕ್ಸ್‌ವಿಕ್ ತಂಡವನ್ನು 7–0, ಲಿಥುವೇನಿಯಾದ ಗಿಂಟ್ರಾವನ್ನು 8–1 ಅಂತರದಿಂದ ಮಣಿಸಿ, ಕ್ರೊಯೇಷಿಯಾದ ಒಸಿಯೆಕ್ ತಂಡವನ್ನು ದಾಟಿ ಚಾಂಪಿಯನ್ಸ್ ಲೀಗ್ ಗುಂಪು ಹಂತ ಮುಟ್ಟಿದರು. ಹದಿನಾರು ತಂಡಗಳ ಆ ಹಂತವೇ ಹೊಸತು. ಅಲ್ಲಿಗೆ ತಲುಪಿದ ಮೊದಲ ಐಸ್‌ಲ್ಯಾಂಡ್ ಕ್ಲಬ್ ಇವರದು. ಗುಂಪಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್, ರಿಯಲ್ ಮ್ಯಾಡ್ರಿಡ್, ಉಕ್ರೇನಿನ ಖಾರ್ಕಿವ್.

ಪಂದ್ಯಗಳು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಐಸ್‌ಲ್ಯಾಂಡಿನ ಲೀಗ್ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಎದುರಾಳಿಗಳು ಪ್ರತಿ ವಾರ ಲೀಗ್ ಪಂದ್ಯ ಆಡಿ ಹದಗೊಂಡು ಬರುತ್ತಿದ್ದರೆ, ಇವರಿಗೆ ಈ ಪಂದ್ಯಗಳ ನಡುವೆ ಅಭ್ಯಾಸವಷ್ಟೇ ಗತಿ. ರಿಯಲ್ ಮ್ಯಾಡ್ರಿಡ್ ಕೋಪಾವೋಗುರ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ, ಹಿಮದ ನಡುವೆ. ಆರು ಪಂದ್ಯಗಳಲ್ಲಿ ಒಂದು ಡ್ರಾ, ಒಂದೇ ಅಂಕ. ಹೊಡೆದ ಗೋಲು ಒಂದೂ ಇಲ್ಲ.

ಅಂಕಪಟ್ಟಿ ನೋಡಿ ‘ಇವರಿಗೆ ಆ ಮಟ್ಟ ಸಾಲದು’ ಎನ್ನುವುದು ಸುಲಭ. ಆದರೆ ಇದೇ ಅಂಗಳದಿಂದ ಹೊರಟ ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೋತಿರ್ 2020ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಫ್ರಾನ್ಸಿನ ಲಿಯೋನ್ ಪರ ಗೋಲು ಹೊಡೆದಿದ್ದಳು. 2024ರ ಡಿಸೆಂಬರ್‌ನಲ್ಲಿ ಸ್ವೇನ್‌ದೀಸ್ ವೋಲ್ಫ್ಸ್‌ಬರ್ಗ್ ಪರ ಬದಲಿ ಆಟಗಾರ್ತಿಯಾಗಿ ಇಳಿದು ರೋಮಾ ವಿರುದ್ಧ ನಾಲ್ಕು ಗೋಲು ಬಾರಿಸಿದಳು. ಆ ಗೋಲುಗಳು ಬೇರೆಯವರ ಖಾತೆಗೆ ಜಮೆಯಾದವು, ಅಷ್ಟೇ.

ಹಣದ ಲೆಕ್ಕವನ್ನೂ ನೋಡಬೇಕು. 2021–22ರಲ್ಲಿ ಗುಂಪು ಹಂತ ತಲುಪಿದ ಪ್ರತಿ ಮಹಿಳಾ ತಂಡಕ್ಕೆ 4 ಲಕ್ಷ ಯೂರೋ ಸಿಕ್ಕಿತು. ಇಂಥ ಕ್ಲಬ್ಬಿಗೆ ಅದು ದೊಡ್ಡ ಮೊತ್ತವೇ. ಎರಡು ವರ್ಷದ ನಂತರ ಇದೇ ಕ್ಲಬ್ಬಿನ ಪುರುಷರು ಯುರೋಪಿನ ಮೂರನೇ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋದರು. ಅಲ್ಲಿ ಭಾಗವಹಿಸಿದ್ದಕ್ಕೇ 29.4 ಲಕ್ಷ ಯೂರೋ, ಏಳು ಪಟ್ಟಿಗೂ ಹೆಚ್ಚು. ಆರಕ್ಕೆ ಆರೂ ಪಂದ್ಯ ಸೋತರು. ಹೆಂಗಸರು ತಂದ ಆ ಒಂದು ಅಂಕಕ್ಕೆ ಆಗ ಬೆಲೆ ಬಂತೋ ಇಲ್ಲವೋ.

ಮನೆಯೊಳಗೆ ಸುಧಾರಣೆ ಆಗಿಲ್ಲ ಎನ್ನಲಾಗದು. ರಾಷ್ಟ್ರೀಯ ಸಂಸ್ಥೆ 2018ರಲ್ಲಿ ಪುರುಷರ ಮತ್ತು ಮಹಿಳೆಯರ ತಂಡಗಳಿಗೆ ಸಮಾನ ಬೋನಸ್ ಪ್ರಕಟಿಸಿತು. 2024ರ ಜುಲೈನಲ್ಲಿ ಮಹಿಳಾ ತಂಡ ರೇಕ್ಯಾವಿಕ್‌ನಲ್ಲಿ ಜರ್ಮನಿಯನ್ನು 3–0ಯಿಂದ ಸೋಲಿಸಿ ಯೂರೋ ಟಿಕೆಟ್ ಗಿಟ್ಟಿಸಿತು. ಬ್ರೇದಾಬ್ಲಿಕ್ ಕೂಡ 2021ರಿಂದ ಮೂರು ವರ್ಷ ವಾಲುರ್ ಕ್ಲಬ್ಬಿಗೆ ಲೀಗ್ ಬಿಟ್ಟುಕೊಟ್ಟು, 2024ರ ಕೊನೆಯ ದಿನ ಅದೇ ವಾಲುರ್ ಎದುರು ಗೋಲಿಲ್ಲದ ಡ್ರಾ ಸಾಧಿಸಿ ಪಟ್ಟ ಮರಳಿ ಪಡೆಯಿತು. 2025ರಲ್ಲಿ ಅದನ್ನು ಉಳಿಸಿಕೊಂಡಿತು.

ಯುರೋಪಿನಲ್ಲಿ ಮಾತ್ರ ಚೌಕಟ್ಟೇ ಮತ್ತೆ ಬದಲಾಗಿದೆ. 2025–26ರಿಂದ ಚಾಂಪಿಯನ್ಸ್ ಲೀಗ್‌ನಲ್ಲಿ ಹದಿನೆಂಟು ತಂಡಗಳ ಒಂದೇ ಪಟ್ಟಿ. ಅಲ್ಲಿಗೆ ತಲುಪದವರಿಗಾಗಿ ಯೂರೋಪಾ ಕಪ್ ಎಂಬ ಎರಡನೇ ಟೂರ್ನಿಯೂ ಶುರುವಾಗಿದೆ. ಸಣ್ಣ ದೇಶದ ಕ್ಲಬ್ಬುಗಳಿಗೆ ಗೆಲ್ಲಬಹುದಾದ ಪಂದ್ಯಗಳು ಹೆಚ್ಚಾಗುತ್ತವೆ, ನಿಜ. ಆದರೆ ಆ ಪಂದ್ಯಗಳ ಮುಖ್ಯ ಸುತ್ತುಗಳೂ ಬರುವುದು ಐಸ್‌ಲ್ಯಾಂಡಿನ ಲೀಗ್ ಮುಗಿಯುವ ಹೊತ್ತಿಗೆ ಮತ್ತು ಮುಗಿದ ಮೇಲೆಯೇ, ಒಪ್ಪಂದ ತೀರಿದವರು ಪೆಟ್ಟಿಗೆ ಕಟ್ಟುವ ತಿಂಗಳುಗಳಲ್ಲಿ.