ಇಡೀ ರಾತ್ರಿಯ ಆಟ, ಆರು ಗಂಟೆಯ ಅಪ್‌ಲೋಡ್

ಯಕ್ಷಗಾನದ ಹರಕೆ ಬಯಲಾಟವೊಂದನ್ನು ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಒಂದೇ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿದರೆ ಸುಮಾರು 43 ಜಿಬಿ ಆಗುತ್ತದೆ. ಉಡುಪಿ ಸುತ್ತಮುತ್ತಲಿನ ಆಟಗಳನ್ನು ಕೆಲವು ವರ್ಷಗಳಿಂದ ಹೀಗೆ ಹಿಡಿದಿಡುತ್ತಿದ್ದೇನೆ. ಇವತ್ತು ಭಾಗವತರು ಹಾಡಿದ ಪದ, ಅದಕ್ಕೆ ವೇಷಧಾರಿ ಹೇಳಿದ ಅರ್ಥ ನಾಳೆ ಅದೇ ಥರ ಬರುವುದಿಲ್ಲ. ನಮ್ಮೂರಿನ ಮಳೆಗಾಲದ ತೇವ, ಸಿಡಿಲು ಎರಡೂ ಹಾರ್ಡ್ ಡಿಸ್ಕಿಗೆ ಆಗಿಬರುವುದಿಲ್ಲ. ಹಾಗಾಗಿ ಒಂದು ಪ್ರತಿ ಕ್ಲೌಡ್‌ನಲ್ಲಿ ಇರಲೇಬೇಕು ಅಂತ ನನ್ನ ಹಟ.

ಮನೆಗೆ ಫೈಬರ್ ಇದೆ. 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 10 ಕೋಟಿ ಬಿಟ್. ಅಪ್‌ಲೋಡೂ ಅಷ್ಟೇ. ಲೆಕ್ಕದ ಪ್ರಕಾರ 43 ಜಿಬಿ ಒಂದು ಗಂಟೆಯೊಳಗೆ ಹೋಗಬೇಕು. ಮೊದಲ ಸಲ ಆರು ಗಂಟೆ ಹಿಡಿಯಿತು. ದುಡ್ಡು ಕೊಟ್ಟು 200ರ ಪ್ಲಾನ್ ಹಾಕಿಸಿದೆ. ಮತ್ತೆ ಆರೇ ಗಂಟೆ! ಮರುತಿಂಗಳು ಹಳೇ ಪ್ಲಾನಿಗೇ ಮರಳಿ, ತಪ್ಪು ಎಲ್ಲಿದೆ ಅಂತ ಹುಡುಕಲು ಕೂತೆ.

ಮಲ್ಪೆ ಧಕ್ಕೆಯಲ್ಲಿ ಬೋಟಿನಿಂದ ಮೀನು ಇಳಿಸುವುದನ್ನು ನೋಡಿದ್ದೀರಿ ಅಲ್ವಾ? ಒಬ್ಬನೇ ಆಳು ಬುಟ್ಟಿ ಹೊತ್ತು ಹೋಗಿ, ಸುರಿದು, ವಾಪಸ್ ಬಂದು, ಮತ್ತೊಂದು ಬುಟ್ಟಿ ಎತ್ತುತ್ತಾನೆ ಅಂದುಕೊಳ್ಳಿ. ಏಲದ ಜಾಗ ಹತ್ತು ಹೆಜ್ಜೆ ದೂರ ಇದ್ದರೆ ತೊಂದರೆ ಇಲ್ಲ. ಅದೇ ಅರ್ಧ ಮೈಲಿ ದೂರ ಇದ್ದರೆ? ದಾರಿಯನ್ನು ಎಷ್ಟು ಅಗಲ ಮಾಡಿದರೂ ಮೀನು ಬೇಗ ಇಳಿಯುವುದಿಲ್ಲ. ಹೊತ್ತೆಲ್ಲ ಹೋಗಿಬರುವುದರಲ್ಲೇ ಕಳೆಯುತ್ತದೆ.

ನನ್ನ ಫೈಲಿಗೂ ಆದದ್ದು ಇದೇ. ಅಂತರ್ಜಾಲದಲ್ಲಿ ಡೇಟಾ ಸಾಗಿಸುವ ಟಿಸಿಪಿ ಎಂಬ ನಿಯಮಾವಳಿ ಒಂದಷ್ಟು ಬೈಟ್ ಕಳಿಸಿ, 'ಬಂತು' ಅನ್ನುವ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರುವ ಮೊದಲು ಎಷ್ಟು ಕಳಿಸಬಹುದು ಅನ್ನುವುದಕ್ಕೆ ಒಂದು ಮಿತಿ ಇರುತ್ತದೆ. ಅದಕ್ಕೆ ವಿಂಡೋ ಅಂತ ಹೆಸರು. ಕ್ಲೌಡ್ ಖಾತೆ ತೆರೆಯುವಾಗ ಡೇಟಾ ಯಾವ ಊರಿನಲ್ಲಿರಬೇಕು ಅಂತ ಫಾರಂನಲ್ಲಿ ಮೊದಲೇ ತುಂಬಿದ್ದನ್ನು ನಾನು ಬದಲಿಸಿರಲಿಲ್ಲ. ನನ್ನ ಸಂಗ್ರಹ ಅಮೆರಿಕದ ವರ್ಜೀನಿಯಾದಲ್ಲಿತ್ತು! ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಅಲ್ಲಿಗೆ ಹೋಗಿಬರಲು ಹೆಚ್ಚುಕಡಿಮೆ ಕಾಲು ಸೆಕೆಂಡ್ ಬೇಕು. ವಿಂಡೋ 5 ಲಕ್ಷ ಬೈಟ್ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ನಾಲ್ಕೇ ಸುತ್ತು, 20 ಲಕ್ಷ ಬೈಟ್. ಬೈಟಿಗೆ 8 ಬಿಟ್, ಅಂದರೆ 16 ಎಂಬಿಪಿಎಸ್. ಆ ವೇಗದಲ್ಲಿ 43 ಜಿಬಿಗೆ ಹೆಚ್ಚುಕಡಿಮೆ ಆರು ಗಂಟೆ. ಉಳಿದ 84 ಎಂಬಿಪಿಎಸ್ ಸುಮ್ನೆ ಖಾಲಿ ಬಿದ್ದಿತ್ತು.

ಟಿಸಿಪಿಗೆ ಇಷ್ಟು ಎಚ್ಚರ ಯಾಕೆ? ಅದಕ್ಕೊಂದು ಕಥೆ ಇದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ಎರಡಕ್ಕೂ ಇರುವ ದೂರ ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದಲ್ಲಿ 40 ಬಿಟ್ ಹೋಗತೊಡಗಿತು. ದಾರಿ ಕಟ್ಟಿಕೊಂಡಷ್ಟೂ ಕಂಪ್ಯೂಟರುಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಅವರು ಇದನ್ನು ಪರೀಕ್ಷಿಸಿ 1988ರಲ್ಲಿ ಪರಿಹಾರ ಪ್ರಕಟಿಸಿದರು. ಮೊದಲು ಸ್ವಲ್ಪ ಕಳಿಸು. ಉತ್ತರ ಬಂದ ಹಾಗೆ ಜಾಸ್ತಿ ಮಾಡು. ಡೇಟಾದ ಒಂದು ಪೊಟ್ಟಣ (ಪ್ಯಾಕೆಟ್) ಕಳೆದುಹೋದರೆ ದಾರಿಯಲ್ಲಿ ಗದ್ದಲ ಇದೆ ಅಂತ ತಿಳಿದು ವೇಗ ಇಳಿಸು. ಇವತ್ತಿಗೂ ಅಂತರ್ಜಾಲ ಉಸಿರಾಡುತ್ತಿರುವುದು ಈ ಸಂಯಮದಿಂದ. ಆದರೆ ದೂರದ ದಾರಿಯಲ್ಲಿ ಒಮ್ಮೆ ಇಳಿದ ವೇಗ ಮತ್ತೆ ಏರಲು ತುಂಬ ಹೊತ್ತು ಬೇಕು, ಯಾಕೆಂದರೆ ಏರಿಕೆಯೂ ಸುತ್ತಿನ ಲೆಕ್ಕದಲ್ಲೇ ಆಗುತ್ತದೆ.

ಧಕ್ಕೆಯವರು ಮಾಡುವುದೇ ಇದಕ್ಕೂ ಮದ್ದು. ಆಳು ಜಾಸ್ತಿ ಮಾಡುವುದು. ಅಮೆಜಾನಿನ ಎಸ್3 ಎಂಬ ಸಂಗ್ರಹ ಸೇವೆ 2006ರಲ್ಲಿ ಶುರುವಾಯಿತು. ಅದರಲ್ಲಿ ಒಂದೇ ಏಟಿಗೆ 5 ಜಿಬಿಗಿಂತ ದೊಡ್ಡ ಫೈಲ್ ಕಳಿಸಲು ಆಗುವುದಿಲ್ಲ. 2010ರಲ್ಲಿ ಮಲ್ಟಿಪಾರ್ಟ್ ಅಪ್‌ಲೋಡ್ ಬಂತು. ಫೈಲನ್ನು ತುಂಡು ಮಾಡಿ, ಪ್ರತಿ ತುಂಡಿಗೆ ನಂಬರ್ ಹಾಕಿ, ಹಲವು ತುಂಡುಗಳನ್ನು ಒಟ್ಟಿಗೆ ಕಳಿಸುವ ವಿಧಾನ. ಹನ್ನೆರಡನೆಯದು ಐದನೆಯದಕ್ಕಿಂತ ಮೊದಲು ತಲುಪಿದರೂ ಚಿಂತೆ ಇಲ್ಲ. ಎಲ್ಲ ಬಂದ ಮೇಲೆ 'ಮುಗಿಯಿತು' ಅಂದರೆ ಸರ್ವರ್ ನಂಬರಿನ ಪ್ರಕಾರ ಜೋಡಿಸಿ ಒಂದೇ ಫೈಲ್ ಮಾಡುತ್ತದೆ. ಪ್ರತಿ ತುಂಡಿಗೂ ಅದರದೇ ವಿಂಡೋ. ಎಂಟು ತುಂಡು ಒಟ್ಟಿಗೆ ಹೊರಟರೆ 16 ಎಂಬಿಪಿಎಸ್ ಎಂಟು ಪಟ್ಟಾಗಿ, ನನ್ನ ಲೈನೇ ತುಂಬಿಬಿಡುತ್ತದೆ.

ನನಗೆ ಇದರಲ್ಲಿ ಇನ್ನೂ ಇಷ್ಟವಾದದ್ದು ಬೇರೆ. ಮೊದಲೆಲ್ಲ ರೆಕಾರ್ಡಿಂಗನ್ನು 4 ಜಿಬಿಯ ಫೈಲುಗಳಾಗಿ, ಒಂದೊಂದನ್ನೂ ಇಡಿಯಾಗಿ ಕಳಿಸುತ್ತಿದ್ದೆ. 3.6 ಜಿಬಿ ಹೋಗುವಾಗ ಲೈನ್ ಕಡಿದರೆ ಮತ್ತೆ ಸೊನ್ನೆಯಿಂದ ಶುರು. ಈಗ ಬಿದ್ದ ತುಂಡು ಮಾತ್ರ ಮತ್ತೆ ಹೋಗುತ್ತದೆ.

ತುಂಡು ಎಷ್ಟು ದೊಡ್ಡದಿರಬೇಕು? ಕೊನೆಯದೊಂದು ಬಿಟ್ಟು ಉಳಿದವು ಕನಿಷ್ಠ 5 ಎಂಬಿ ಇರಬೇಕು, ಒಟ್ಟು 10,000 ತುಂಡು ದಾಟಬಾರದು. ನಾನು ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. 64 ಎಂಬಿ ತುಂಡು, ಒಮ್ಮೆಗೆ ಎಂಟು. 43 ಜಿಬಿಗೆ ಸುಮಾರು 670 ತುಂಡು ಆಗುತ್ತದೆ. ಎಂಟು ತುಂಡೂ ಮೆಮೊರಿಯಲ್ಲಿ ಕೂರುವುದರಿಂದ 512 ಎಂಬಿ ರ‍್ಯಾಮ್ ಅದಕ್ಕೇ ಹೋಗುತ್ತದೆ, ಹಳೇ ಲ್ಯಾಪ್‌ಟಾಪ್ ಇದ್ದವರು ನೋಡಿಕೊಳ್ಳಿ. ಎಂಟನ್ನು ಎಂಬತ್ತು ಮಾಡಿದರೆ ಲಾಭ ಇಲ್ಲ. ಲೈನ್ ತುಂಬಿದ ಮೇಲೆ ತುಂಡುಗಳೇ ಒಂದನ್ನೊಂದು ತಳ್ಳಾಡುತ್ತವೆ, ಮನೆಯವರ ಫೋನಿನಲ್ಲಿ ಏನೂ ತೆರೆಯುವುದಿಲ್ಲ. ಇನ್ನೊಂದು ಮಾತು. ಕರೆಂಟ್ ಹೋಗಿ ಕಂಪ್ಯೂಟರೇ ಆರಿದರೆ ಆರ್‌ಕ್ಲೋನ್ ಆ ಫೈಲನ್ನು ಮೊದಲಿಂದ ಶುರು ಮಾಡುತ್ತದೆ. ಹಾಗಾಗಿ ರೂಟರ್, ಲ್ಯಾಪ್‌ಟಾಪ್ ಎರಡೂ ಇನ್ವರ್ಟರಿಗೆ ಹಾಕಿದ್ದೇನೆ. ಅರ್ಧಕ್ಕೆ ನಿಂತ ಅಪ್‌ಲೋಡಿನ ತುಂಡುಗಳು ಸರ್ವರಿನಲ್ಲಿ ಕಣ್ಣಿಗೆ ಕಾಣದಂತೆ ಉಳಿದು ಬಿಲ್ ಏರಿಸಬಹುದು. ಇಂತಿಷ್ಟು ದಿನದಲ್ಲಿ ಅವನ್ನು ಅಳಿಸು ಅಂತ ನಿಯಮ ಹಾಕುವ ಸೌಲಭ್ಯ ಇದೆ, ಮೊದಲ ದಿನವೇ ಹಾಕಿಬಿಡಿ.

ವಿಡಿಯೊವನ್ನು ಜಿಪ್ ಮಾಡಿ ಪ್ರಯೋಜನವಿಲ್ಲ, ಅದು ಮೊದಲೇ ಕುಗ್ಗಿರುತ್ತದೆ. ಸಾವಿರಾರು ಸಣ್ಣ ಫೋಟೋಗಳಿದ್ದರೆ ಮಾತ್ರ ಒಂದೇ ಕಟ್ಟು ಮಾಡಿ. ಇಲ್ಲದಿದ್ದರೆ ಪ್ರತಿ ಫೋಟೋಗೂ ಹೋಗಿಬರುವ ಖರ್ಚು.

ಎಲ್ಲಕ್ಕಿಂತ ದೊಡ್ಡ ಲಾಭ ಸಿಕ್ಕಿದ್ದು ಸಂಗ್ರಹವನ್ನು ಹತ್ತಿರ ತಂದಾಗ. ಮುಂಬೈಯಲ್ಲಿ ಎಸ್3 ಕೇಂದ್ರ 2016ರಿಂದ ಇದೆ. ಹೋಗಿಬರುವ ಹೊತ್ತು ಕಾಲು ಸೆಕೆಂಡಿನ ಹತ್ತನೇ ಒಂದು ಪಾಲಿಗೆ ಇಳಿಯಿತು. ಮೊನ್ನೆಯ ಆಟ 1 ಗಂಟೆ 5 ನಿಮಿಷದಲ್ಲಿ ಹೋಗಿ ಮುಟ್ಟಿತು.

ಇನ್ನು ಉಳಿದಿರುವುದು ಹಳೇ ರೆಕಾರ್ಡಿಂಗುಗಳು, 2 ಟಿಬಿ. ನನ್ನ ಲೈನಿನಲ್ಲಿ ಅದಕ್ಕೆ 44 ಗಂಟೆ ಬೇಕು. ಡಿಸ್ಕನ್ನು ಉಡುಪಿಯಿಂದ ರಾತ್ರಿ ಬಸ್ಸಿಗೆ ಕೊಟ್ಟರೆ ಹತ್ತು ಗಂಟೆಯಲ್ಲಿ ಬೆಂಗಳೂರು, ಅಂದರೆ ಸುಮಾರು 440 ಎಂಬಿಪಿಎಸ್! ಅಲ್ಲಿ ನನ್ನ ತಮ್ಮನ ಮನೆಯಲ್ಲಿ 1,000 ಎಂಬಿಪಿಎಸ್ ಲೈನ್ ಇದೆ. ಶನಿವಾರದ ಬಸ್ಸಿಗೆ ಕಳಿಸುತ್ತಿದ್ದೇನೆ. ಒಂದು ಪ್ರತಿ ಮನೆಯಲ್ಲೇ ಇಟ್ಟುಕೊಂಡಿದ್ದೇನೆ.