ಮೊದಲ ವಾರ ಬಂದವರು ನಾಲ್ಕನೆಯ ವಾರವೂ ಬರುವಂತೆ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮೂರಿನ ಕೆರೆಯ ದಂಡೆ ಮತ್ತು ಸರ್ಕಾರಿ ಶಾಲೆಯ ಅಂಗಳವನ್ನು ಹಸನುಗೊಳಿಸಲು ಕೆಲವರು ಸೇರಿ ಭಾನುವಾರದ ಶ್ರಮದಾನ ಆರಂಭಿಸಿದೆವು. ಮೊದಲ ವಾರ ಐವತ್ತು ಮಂದಿ ಸೇರಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಕರೆದ ನಾವಷ್ಟೇ ಉಳಿದೆವು. ಇದೇ ಊರಿನವರು ಜಾತ್ರೆ ಬಂತೆಂದರೆ ಹಗಲು ರಾತ್ರಿ ದುಡಿಯುತ್ತಾರೆ. ಊರಿನ ಕೆಲಸಕ್ಕೆ ಜನರನ್ನು ಸೆಳೆಯಲು ಹೊಸ ದಾರಿಗಳೇನಾದರೂ ಇವೆಯೇ?

ಉತ್ತರ: ಜಾತ್ರೆಯ ಮಾತನ್ನು ನೀವೇ ಎತ್ತಿದ್ದೀರಿ, ಅಲ್ಲಿಂದಲೇ ಆರಂಭಿಸುವುದು ಸೂಕ್ತ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹವನ್ನು ಕಂಡವರಿಗೆ ಗೊತ್ತಿರುವಂತೆ, ಅಲ್ಲಿ ಬಡಿಸುವ ಲಕ್ಷಗಟ್ಟಲೆ ಜೋಳದ ರೊಟ್ಟಿಗಳು ಒಂದೇ ಅಡುಗೆಮನೆಯಲ್ಲಿ ತಯಾರಾಗುವುದಿಲ್ಲ. ಜಾತ್ರೆಗೆ ಮುಂಚಿನ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ ರೊಟ್ಟಿ ಬಡಿದು ಕೊಡುತ್ತಾರೆ. ಊರಿನವರು ಅವನ್ನು ಟ್ರ್ಯಾಕ್ಟರ್‌ಗಳಲ್ಲಿ ಹೇರಿಕೊಂಡು ಮೆರವಣಿಗೆಯಲ್ಲಿ ಮಠಕ್ಕೆ ತಲುಪಿಸುತ್ತಾರೆ. ಇದೆಲ್ಲ ಭಕ್ತಿಯ ಫಲ ಎಂದಷ್ಟೇ ಹೇಳಿ ಮುಗಿಸಿದರೆ ನಾವು ಕಲಿಯುವುದು ಏನೂ ಉಳಿಯುವುದಿಲ್ಲ. ಭಕ್ತಿ ಇದೆ, ನಿಜ. ಆದರೆ ಆ ಭಕ್ತಿ ಕೈಗೆ ಇಳಿಯುವಂತಹ ಏರ್ಪಾಡೂ ಅಲ್ಲಿದೆ. ತನ್ನ ಪಾಲಿಗೆ ಬಂದ ಕೆಲಸ ಯಾವುದೆಂಬುದು ಪ್ರತಿ ಮನೆಗೂ ಗೊತ್ತು. ಆ ಕೆಲಸ ಅವರಿಗೆ ಮೊದಲೇ ಬರುತ್ತದೆ, ಬಿಡುವಾದಾಗ ಮನೆಯಲ್ಲೇ ಮಾಡಬಹುದು, ಎಂದು ಮುಗಿಯುತ್ತದೆ ಎಂಬುದೂ ತಿಳಿದಿರುತ್ತದೆ. ಕೇಳಲು ಬರುವವರು ಅದೇ ಓಣಿಯ ಪರಿಚಿತರು. ಮಾಡಿದ್ದರ ಫಲ ಪಂಕ್ತಿಯಲ್ಲಿ ಕುಳಿತವರ ಎಲೆಯ ಮೇಲೆ ಕಾಣುತ್ತದೆ.

ನಿಮ್ಮ ಶ್ರಮದಾನದಲ್ಲಿ ಇವುಗಳಲ್ಲಿ ಎಷ್ಟು ಇದ್ದವು ಎಂದು ಒಮ್ಮೆ ಕುಳಿತು ಯೋಚಿಸಿ. ಜನರಲ್ಲಿ ಸೇವಾಭಾವ ಬತ್ತಿಹೋಗಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಹುಪಾಲು ಕಡೆಗಳಲ್ಲಿ ಕೊರತೆ ಇರುವುದು ಕೆಲಸವನ್ನು ಜನರ ಕೈಗೆ ಕೊಡುವ ಕ್ರಮದಲ್ಲಿ, ಮತ್ತು ಅದನ್ನು ಸರಿಪಡಿಸಲು ಸಂಘಟಕರಿಗೆ ಸಾಧ್ಯವಿದೆ. ಅದೇ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 2019ರಲ್ಲಿ ಹೂಳು ಮತ್ತು ಗಿಡಗಂಟಿಗಳಿಂದ ತುಂಬಿದ್ದ ಹಿರೇಹಳ್ಳವನ್ನು ಹಸನುಗೊಳಿಸಲು ತಾವೇ ಇಳಿದಾಗ, 20 ಕಿಲೋಮೀಟರಿಗೂ ಉದ್ದದ ಆ ಹಳ್ಳದ ಕೆಲಸಕ್ಕೆ ಜನ ದುಡಿಮೆ ಮತ್ತು ದೇಣಿಗೆ ಎರಡನ್ನೂ ಕೊಟ್ಟರು. ಎಲ್ಲ ಊರಿನಲ್ಲೂ ಅಂಥ ಮಠವಿರುವುದಿಲ್ಲ. ಆದರೆ ಜನರ ನಂಬಿಕೆ ಗಳಿಸಿದ ಒಂದು ಕೂಟವಾದರೂ ಇದ್ದೇ ಇರುತ್ತದೆ. ಅದು ಗಣೇಶೋತ್ಸವ ಸಮಿತಿ ಇರಬಹುದು, ಸ್ತ್ರೀಶಕ್ತಿ ಸಂಘ ಇರಬಹುದು, ಹಾಲಿನ ಡೇರಿ ಅಥವಾ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ ಇರಬಹುದು. ಹೊಸದೊಂದು ಬ್ಯಾನರ್ ಕಟ್ಟಿ ಜನರನ್ನು ಅದರ ಕೆಳಗೆ ಕರೆಯುವ ಬದಲು, ಪೆಂಡಾಲ್ ಹಾಕಿ ಅಭ್ಯಾಸವಿರುವ ಹುಡುಗರ ತಂಡವನ್ನೇ ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯಲು ಕೇಳುವುದು ಸುಲಭದ ದಾರಿ. ಅವರಲ್ಲಿ ಏಣಿ ಇದೆ, ವಿದ್ಯುತ್ ಕೆಲಸ ಬಲ್ಲವನಿದ್ದಾನೆ, ಎಲ್ಲಕ್ಕಿಂತ ಮುಖ್ಯವಾಗಿ ಒಟ್ಟಿಗೆ ದುಡಿದ ರೂಢಿ ಇದೆ.

ಮುಂದಿನದು ಕರೆಯುವ ರೀತಿ. ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಾಮಾನ್ಯವಾಗಿ ಬರುವ ಸಂದೇಶ ಹೀಗಿರುತ್ತದೆ: "ಆತ್ಮೀಯರೇ, ಭಾನುವಾರ ಕೆರೆ ಸ್ವಚ್ಛತಾ ಕಾರ್ಯಕ್ರಮವಿದೆ, ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿ ಯಶಸ್ವಿಗೊಳಿಸಬೇಕಾಗಿ ವಿನಂತಿ." ಇದನ್ನು ಓದಿದ ಇನ್ನೂರು ಜನರಲ್ಲಿ ಪ್ರತಿಯೊಬ್ಬರೂ ಉಳಿದವರು ಹೋಗುತ್ತಾರೆಂದು ಭಾವಿಸುತ್ತಾರೆ. ಅದರ ಬದಲು ಒಬ್ಬರ ಮನೆಗೇ ಹೋಗಿ, "ಅಕ್ಕಾ, ಈ ಭಾನುವಾರ ಬೆಳಿಗ್ಗೆ 7ರಿಂದ 8.30ರವರೆಗೆ ಕೆರೆಯ ಮೆಟ್ಟಿಲ ಹತ್ತಿರದ ಪ್ಲಾಸ್ಟಿಕ್ ಹೆಕ್ಕಬೇಕು. ಎಂಟು ಜನ ಸಾಕು, ಆರು ಜನ ಆಗಿದ್ದೇವೆ. ಕೈಗವಸು, ಗೋಣಿಚೀಲ ನಮ್ಮಲ್ಲಿವೆ, ನೀವು ಕುಡಿಯುವ ನೀರು ತಂದರೆ ಆಯಿತು" ಎಂದು ಕೇಳಿ ನೋಡಿ. ಈ ಮಾತಿನಲ್ಲಿ ಸಮಯವಿದೆ, ಜಾಗವಿದೆ, ಕೆಲಸದ ಮಿತಿಯಿದೆ, ಅವರಿಲ್ಲದಿದ್ದರೆ ಒಬ್ಬರು ಕಡಿಮೆಯಾಗುತ್ತಾರೆ ಎಂಬ ಅರಿವೂ ಇದೆ. ಐವತ್ತು ಜನ ಬೇಕೆಂದು ಹಂಬಲಿಸುವುದಕ್ಕಿಂತ ಎಂಟು ಜನರ ಕೆಲಸವನ್ನು ರೂಪಿಸುವುದು ಹೆಚ್ಚು ಫಲಕಾರಿ. ಐವತ್ತು ಜನ ಬಂದು ಗುದ್ದಲಿ ಹತ್ತೇ ಇದ್ದರೆ ನಲವತ್ತು ಜನ ಕೈಕಟ್ಟಿ ನಿಂತು, ತಮ್ಮ ಅಗತ್ಯವಿಲ್ಲವೆಂದುಕೊಂಡು ಮನೆಗೆ ಹೋಗುತ್ತಾರೆ. ನಿಮ್ಮಲ್ಲಿಯೂ ಮೊದಲ ವಾರ ಹೀಗೆಯೇ ಆಗಿರುವ ಸಾಧ್ಯತೆ ಹೆಚ್ಚು.

ಸಣ್ಣ, ಖಚಿತವಾದ ಬೇಡಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಮ್ಮ ನೆರೆಯ ಕೇರಳ ಒಳ್ಳೆಯ ಉದಾಹರಣೆ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ, ಅಂದರೆ ಗುಣವಾಗದ ಕಾಯಿಲೆಯಿಂದ ಹಾಸಿಗೆ ಹಿಡಿದವರ ನೋವನ್ನು ಕಡಿಮೆ ಮಾಡುವ ಸೇವೆ, ಕೆಲವೇ ವೈದ್ಯರಿಂದ ಎಲ್ಲ ಮನೆಗಳಿಗೂ ತಲುಪುವಂತಿರಲಿಲ್ಲ. 2001ರ ಸುಮಾರಿಗೆ ಮಲಪ್ಪುರಂ ಸುತ್ತಮುತ್ತ ರೂಪುಗೊಂಡ ನೆರೆಹೊರೆಯ ಜಾಲವು ಜನರನ್ನು ಕೇಳಿದ್ದು ಇಷ್ಟೇ: ನಿಮ್ಮ ಪ್ರದೇಶದ ರೋಗಿಗಳಿಗಾಗಿ ವಾರಕ್ಕೆ ಎರಡು ಗಂಟೆ ಕೊಡಬಲ್ಲಿರಾ? ಒಪ್ಪಿದವರಿಗೆ 16 ಗಂಟೆಗಳ ತರಗತಿ, ಬಳಿಕ ಅನುಭವಿಗಳ ಜೊತೆ ಮನೆಭೇಟಿ. ಸ್ವಯಂಸೇವಕರು ರೋಗಿಯ ಪಕ್ಕ ಕುಳಿತು ಮಾತನಾಡಿದರು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ತೋರಿಸಿಕೊಟ್ಟರು, ಅಕ್ಕಿ ಮತ್ತು ಮಕ್ಕಳ ಶಾಲಾ ಖರ್ಚಿಗೆ ವ್ಯವಸ್ಥೆ ಮಾಡಿದರು, ಊರಿನಲ್ಲೇ ಸಣ್ಣ ಸಣ್ಣ ದೇಣಿಗೆ ಸಂಗ್ರಹಿಸಿದರು. ಈ ಅನುಭವದ ಬಲದ ಮೇಲೆ 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಗೆಂದೇ ನೀತಿಯೊಂದನ್ನು ಪ್ರಕಟಿಸಿತು. ತರಬೇತಿ ಕೊಟ್ಟರೆ ಜನ ಹೆದರಿ ಓಡುತ್ತಾರೆ ಎಂಬ ನಮ್ಮ ಸಂಘಟಕರ ಅಳುಕಿಗೆ ಇಲ್ಲಿ ಉತ್ತರವಿದೆ. ಕಲಿಸುವವರಿದ್ದಾರೆ ಎಂದು ತಿಳಿದಾಗ ಜನರಿಗೆ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ.

ಎಲ್ಲರೂ ಗುದ್ದಲಿ ಹಿಡಿಯಬೇಕಾಗಿಲ್ಲ ಎಂಬುದು ನಾನು ಒತ್ತಿ ಹೇಳಬೇಕಾದ ಇನ್ನೊಂದು ಸಂಗತಿ. ಭಾನುವಾರ ಬೆಳಿಗ್ಗೆ ಎಂಬ ಹೊತ್ತೇ ಊರಿನ ಅರ್ಧದಷ್ಟು ಹೆಂಗಸರನ್ನು ಹೊರಗಿಡುತ್ತದೆ, ಏಕೆಂದರೆ ತಿಂಡಿ, ಅಡುಗೆ, ಮಕ್ಕಳ ತಲೆಸ್ನಾನ ಎಲ್ಲವೂ ಆಗಲೇ ಬರುತ್ತವೆ. ಅವರಿಗೆ ಮಧ್ಯಾಹ್ನ ಮೂರರ ಹೊತ್ತು ಅನುಕೂಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಕ್ಕಳನ್ನು ಅಲ್ಲಿಗೆ ಕರೆತರಲು 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವೂ ಇದೆ. ವಾರಕ್ಕೊಮ್ಮೆ ಒಂದು ಗಂಟೆ ಅಲ್ಲಿ ಕುಳಿತು ಕಥೆ ಓದಿ ಹೇಳುವ ಅಜ್ಜಿ ಅಥವಾ ನಿವೃತ್ತ ಮೇಷ್ಟ್ರು ಮಾಡುವ ಕೆಲಸ ಕೆರೆ ಸ್ವಚ್ಛಗೊಳಿಸುವುದಕ್ಕಿಂತ ಕಡಿಮೆಯದಲ್ಲ. ಲೈನ್‌ಮನ್ ಆಗಿದ್ದವರು ಶಾಲೆಯ ವೈರಿಂಗ್ ಪರೀಕ್ಷಿಸಿಕೊಡಬಹುದು, ದರ್ಜಿಯವರು ಉಳಿದ ಬಟ್ಟೆಯಲ್ಲಿ ಕೈಚೀಲ ಹೊಲಿಯಬಹುದು, ಆಟೋ ಇರುವವರು ತಿಂಗಳಿಗೊಮ್ಮೆ ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯಬಹುದು.

ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂತಹ ಒಂದು ಕೆಲಸವಿದೆ: ದೃಷ್ಟಿ ಇಲ್ಲದ ಅಭ್ಯರ್ಥಿಗಳಿಗೆ ಪರೀಕ್ಷೆಯಲ್ಲಿ ಸ್ಕ್ರೈಬ್ ಆಗಿ ಉತ್ತರ ಬರೆದುಕೊಡುವುದು. ಅಂಥ ಅಭ್ಯರ್ಥಿಗಳಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇರುವುದರಿಂದ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಬರೆಯುವವರ ವಿದ್ಯಾರ್ಹತೆ ಎಷ್ಟಿರಬೇಕೆಂಬ ನಿಯಮವಿರುವುದರಿಂದ ಪರೀಕ್ಷಾ ಮಂಡಳಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಅರ್ಧ ದಿನದ ಈ ಕೆಲಸದ ಮೇಲೆ ಇನ್ನೊಬ್ಬರ ಒಂದು ವರ್ಷ ನಿಂತಿರುತ್ತದೆ. ಇದನ್ನು ಒಮ್ಮೆ ಮಾಡಿದ ಹುಡುಗರನ್ನು ಎರಡನೆಯ ಬಾರಿ ಕರೆಯುವುದು ಕಷ್ಟವಾಗುವುದಿಲ್ಲ. ಇನ್ನೂ ಚಿಕ್ಕ ಮಕ್ಕಳಿಗೆ ಸೀಸನ್‌ವಾಚ್ ಮಾದರಿ ಹೊಂದುತ್ತದೆ: ಮನೆ ಅಥವಾ ಶಾಲೆಯ ಹತ್ತಿರದ ಒಂದೇ ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿಗಳನ್ನು ನೋಡಿ ದಾಖಲಿಸುವುದು.

ಬೆಂಗಳೂರಿನಲ್ಲಿ 2010ರಲ್ಲಿ ಕೆಲಸ ಆರಂಭಿಸಿದ 'ದಿ ಅಗ್ಲಿ ಇಂಡಿಯನ್' ಎಂಬ ತಂಡದಿಂದ ಎರಡು ವಿಷಯಗಳನ್ನು ಕಲಿಯಬೇಕು. ಮೊದಲನೆಯದು, ಅವರು ಇಡೀ ನಗರವನ್ನು ಮುಟ್ಟಲು ಹೋಗದೆ ಕಸ ಸುರಿಯುವ ಒಂದೇ ಮೂಲೆಯನ್ನು ಆರಿಸಿಕೊಂಡು, ಕೆಲವೇ ಗಂಟೆಗಳಲ್ಲಿ ಕಸ ತೆಗೆದು, ಗೋಡೆಗೆ ಬಣ್ಣ ಬಳಿದು, ಕುಂಡ ಅಥವಾ ಬೆಂಚು ಇಟ್ಟು ಮುಗಿಸುತ್ತಾರೆ. ಬಂದವರು ಅದೇ ದಿನ ಕೆಲಸದ ಮೊದಲು ಮತ್ತು ನಂತರದ ವ್ಯತ್ಯಾಸವನ್ನು ನೋಡಿಕೊಂಡು ಹೋಗುತ್ತಾರೆ. ಎರಡನೆಯದು, ಅಲ್ಲಿ ಭಾಷಣವಿಲ್ಲ, ಸಂಘಟಕರ ಹೆಸರೂ ಹೊರಗೆ ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಶ್ರಮದಾನಗಳಲ್ಲಿ ಉದ್ಘಾಟನೆ, ಶಾಲು, ಹಾರ, ಪ್ರಾಸ್ತಾವಿಕ ನುಡಿಗಳಿಗೆ ಒಂದು ಗಂಟೆ ಹೋಗಿ, ಬಿಸಿಲೇರಿದ ಮೇಲೆ ಕೆಲಸ ಶುರುವಾಗುತ್ತದೆ. ದುಡಿಯಲು ಬಂದವರನ್ನು ಪ್ರೇಕ್ಷಕರನ್ನಾಗಿ ಕೂರಿಸುವುದು ಅವರ ಸಮಯಕ್ಕೆ ಮಾಡುವ ಅಗೌರವ.

ಬಹುಮಾನ, ಭತ್ಯೆ ಕೊಟ್ಟರೆ ಜನ ಬರುತ್ತಾರಲ್ಲವೇ ಎಂದು ಕೆಲವರು ಕೇಳುತ್ತಾರೆ. ಅರ್ಥಶಾಸ್ತ್ರಜ್ಞರಾದ ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಸ್ರೇಲಿನ ಹೈಸ್ಕೂಲ್ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಒಳ್ಳೆಯ ಕಾರ್ಯಕ್ಕೆಂದು ದೇಣಿಗೆ ಸಂಗ್ರಹಿಸಿದರು. ಸಂಗ್ರಹದ ಶೇ. 1ರಷ್ಟಕ್ಕೆ ಸಮನಾದ ಮೊತ್ತವನ್ನು ಸಂಭಾವನೆಯಾಗಿ ಪಡೆಯಲಿದ್ದವರಿಗಿಂತ, ಶೇ. 10ರಷ್ಟಕ್ಕೆ ಸಮನಾದದ್ದನ್ನು ಪಡೆಯಲಿದ್ದವರಿಗಿಂತಲೂ, ಏನನ್ನೂ ಪಡೆಯದವರೇ ಹೆಚ್ಚು ಹಣ ತಂದರು. ಸಣ್ಣ ಕೂಲಿಯನ್ನು ಮುಂದಿಟ್ಟೊಡನೆ ಸೇವೆಯಾಗಿದ್ದದ್ದು ಕಡಿಮೆ ಕೂಲಿಯ ಕೆಲಸವಾಗಿ ಕಾಣತೊಡಗುತ್ತದೆ. ಆದ್ದರಿಂದ ಹಣದ ಆಸೆ ತೋರಿಸಬೇಡಿ. ಬಸ್ ಚಾರ್ಜು, ಚಹಾ, ಉಪ್ಪಿಟ್ಟಿನ ಖರ್ಚನ್ನು ಮಾತ್ರ ಸಂಕೋಚವಿಲ್ಲದೆ ಭರಿಸಿ. ಪ್ರಮಾಣಪತ್ರದ ಮಾತು ಬೇರೆ. 1969ರ ಸೆಪ್ಟೆಂಬರ್ 24ರಂದು ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಮಾಡಬೇಕು, ಏಳು ದಿನಗಳ ಶಿಬಿರದಲ್ಲೂ ಭಾಗವಹಿಸಬೇಕು. ಹತ್ತಿರದ ಕಾಲೇಜಿನ ಎನ್ಎಸ್ಎಸ್ ಕಾರ್ಯಕ್ರಮಾಧಿಕಾರಿಯನ್ನು ಕಂಡು ನಿಮ್ಮ ಶಾಲೆಯ ಕೆಲಸವನ್ನು ಆ ಗಂಟೆಗಳಿಗೆ ಹೊಂದಿಸಿದರೆ ಇಬ್ಬರಿಗೂ ಅನುಕೂಲ.

ಕೊಟ್ಟು ಪಡೆಯುವ ಹಳೆಯ ಪದ್ಧತಿಯನ್ನೂ ಹೊಸದಾಗಿ ಬಳಸಬಹುದು. ನಾಟಿ, ಕೊಯ್ಲಿನ ಕಾಲದಲ್ಲಿ ಮುಯ್ಯಾಳಾಗಿ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಇದೇ ರೂಢಿಯನ್ನು ಪ್ರಗತಿಬಂಧು ಗುಂಪುಗಳಾಗಿ ಕಟ್ಟಿತು; ಐದರಿಂದ ಎಂಟು ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಒಟ್ಟಾಗಿ ದುಡಿಯುತ್ತಾರೆ. ಈ ವಾರ ನಿಮ್ಮ ಬೀದಿಯವರು ಮೇಲಿನ ಕೇರಿಯ ಬಾವಿಕಟ್ಟೆಗೆ ಹೋದರೆ, ಮುಂದಿನ ವಾರ ಅವರು ನಿಮ್ಮ ಶಾಲೆಗೆ ಬರಲಿ.

ಜನರನ್ನು ಸೆಳೆಯುವುದರಷ್ಟೇ ಮುಖ್ಯವಾದದ್ದು ಬಂದವರು ಏಕೆ ದೂರವಾಗುತ್ತಾರೆ ಎಂಬುದನ್ನು ಗಮನಿಸುವುದು. ಹೆಕ್ಕಿ ಗುಡ್ಡೆ ಹಾಕಿದ ಕಸದ ಚೀಲಗಳು ಮುಂದಿನ ಭಾನುವಾರವೂ ಅಲ್ಲೇ ಬಿದ್ದಿದ್ದು, ನಾಯಿಗಳು ಎಳೆದಾಡಿದ್ದನ್ನು ಕಂಡವರಿಗೆ ಮತ್ತೆ ಬರಲು ಮನಸ್ಸಾಗುವುದಿಲ್ಲ. ಕಸ ಸಾಗಿಸುವ ಗಾಡಿಯ ವ್ಯವಸ್ಥೆಯನ್ನು ಪಂಚಾಯಿತಿ ಅಥವಾ ಪುರಸಭೆಯೊಂದಿಗೆ ಮೊದಲೇ ಮಾತಾಡಿಕೊಳ್ಳದೆ ಕೆಲಸಕ್ಕೆ ಇಳಿಯಲೇಬೇಡಿ. ಗಾಜು, ಸಿರಿಂಜ್ ಇರುವ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ. ದಪ್ಪ ಕೈಗವಸು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಲ್ಲದೆ ಯಾರನ್ನೂ ಕರೆಯಬೇಡಿ. ಪೌರಕಾರ್ಮಿಕರಿಗೆ ಸಂಬಳ ಕೊಟ್ಟು ಮಾಡಿಸಬೇಕಾದ ದಿನನಿತ್ಯದ ಕೆಲಸವನ್ನು ಸ್ವಯಂಸೇವಕರಿಂದ ಬಿಟ್ಟಿಯಾಗಿ ಮಾಡಿಸುವುದು ಸಲ್ಲದು. ಪೌರಕಾರ್ಮಿಕರನ್ನು ಮೊದಲ ದಿನವೇ ಕರೆದು ಸಲಹೆ ಕೇಳಿ, ಏಕೆಂದರೆ ಕಸ ಎಲ್ಲಿಂದ ಬರುತ್ತದೆಂಬುದು ಅವರಿಗಿಂತ ಚೆನ್ನಾಗಿ ಬೇರಾರಿಗೂ ಗೊತ್ತಿಲ್ಲ.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ಚರಂಡಿಗೆ ಇಳಿಯುವವರು ಯಾವಾಗಲೂ ಒಂದೇ ಕೇರಿಯವರು, ಫೋಟೋಗೆ ನಿಲ್ಲುವವರು ಇನ್ನೊಂದು ಕೇರಿಯವರು, ಹೆಂಗಸರಿಗೆ ರಂಗೋಲಿ ಮತ್ತು ಉಪ್ಪಿಟ್ಟು ಮಾತ್ರ ಎಂದಾದರೆ, ಹೊರಗುಳಿದವರು ಬಾಯಿಬಿಟ್ಟು ಹೇಳದೆ ಬರುವುದನ್ನು ನಿಲ್ಲಿಸುತ್ತಾರೆ. ಅತಿ ಕಷ್ಟದ ಮತ್ತು ಕೊಳಕಿನ ಕೆಲಸ ಸಂಘಟಕರಿಂದಲೇ ಆರಂಭವಾಗಲಿ, ಬಳಿಕ ಚೀಟಿ ಎತ್ತಿ ಸರದಿ ಹಾಕಿಕೊಳ್ಳಿ. ಲೆಕ್ಕ ಬರೆಯುವುದು, ಅಧಿಕಾರಿಗಳೊಂದಿಗೆ ಮಾತನಾಡುವುದೂ ಸರದಿಯಲ್ಲಿ ಬರಲಿ.

ಕಾಲವನ್ನು ನೋಡಿ ಕೆಲಸ ಹಾಕಿಕೊಳ್ಳಿ. ಬಿತ್ತನೆ ಮತ್ತು ಸುಗ್ಗಿಯ ವಾರಗಳಲ್ಲಿ ಯಾರನ್ನೂ ಕರೆಯಬೇಡಿ. ಹೂಳಿನ ಕೆಲಸ ಬೇಸಿಗೆಗೆ, ಗಿಡ ನೆಡುವುದು ಮೊದಲ ಮಳೆಗಳ ನಂತರಕ್ಕೆ ಇರಲಿ. ನೆಟ್ಟ ಪ್ರತಿ ಗಿಡಕ್ಕೂ ಬೇಸಿಗೆಯಲ್ಲಿ ನೀರು ಹಾಕುವ ಮನೆ ಯಾವುದೆಂದು ನೆಡುವ ದಿನವೇ ಬರೆದಿಡಿ. ವರ್ಷಕ್ಕೊಮ್ಮೆ ಬೆಂಗಳೂರಿನ ಕೈಕೊಂಡ್ರಹಳ್ಳಿಯವರು ಮಾಡಿದಂತೆ ಕೆರೆ ಹಬ್ಬ ಮಾಡಿದರೆ, ಕೆಲಸಕ್ಕೆ ಬಾರದವರೂ ಕೆರೆಯವರೆಗೆ ನಡೆದು ಬರುತ್ತಾರೆ, ಅವರಲ್ಲಿ ಕೆಲವರು ಉಳಿದುಕೊಳ್ಳುತ್ತಾರೆ.

ಹಣದ ವಿಚಾರದಲ್ಲಿ ಮೊದಲ ದಿನದಿಂದಲೇ ಕಟ್ಟುನಿಟ್ಟಾಗಿರಿ. ಬಂದದ್ದು, ಖರ್ಚಾದದ್ದು ಎರಡನ್ನೂ ಪ್ರತಿ ತಿಂಗಳು ಶಾಲೆಯ ಅಥವಾ ಡೇರಿಯ ಗೋಡೆಯ ಮೇಲೆ ಅಂಟಿಸಿ. ಆರಂಭದಲ್ಲೇ ಸಂಘ ನೋಂದಾಯಿಸುವ ಅವಸರ ಬೇಡ. ಹುದ್ದೆಗಳ ಹಂಚಿಕೆಯಲ್ಲೇ ಎಷ್ಟೋ ತಂಡಗಳು ಒಡೆದುಹೋಗಿವೆ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಮರುವರ್ಷ ಕೆರೆಯ ನಿರ್ವಹಣೆಗೆ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡಂತೆ, ನಿಮಗೂ ಸ್ಥಳೀಯ ಸಂಸ್ಥೆಯೊಂದಿಗೆ ಬರಹದ ಒಪ್ಪಂದ ಬೇಕೆನಿಸಿದಾಗ ಅಥವಾ ದೇಣಿಗೆಯ ಮೊತ್ತ ದೊಡ್ಡದಾದಾಗ ನೋಂದಣಿಗೆ ಹೋಗಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅದಕ್ಕೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು, ಮತ್ತು ಅಷ್ಟು ಹೊತ್ತಿಗೆ ಆ ಏಳು ಮಂದಿ ಯಾರೆಂಬುದು ಕೆಲಸದಿಂದಲೇ ತೀರ್ಮಾನವಾಗಿರುತ್ತದೆ.