ಸುಂಕ ವರ್ಗೀಕರಣ: ಮಿಕ್ಸ್ ಕಾಟನ್ ಬಟ್ಟೆಗೆ ಎಂಟಂಕಿಯ ವಿಳಾಸ

ಆಷಾಢದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಅಚ್ಚ ಹತ್ತಿಯ ಅಂಗಿ ಒಗೆದರೆ ಮೂರು ದಿನವಾದರೂ ತೇವ ಬಿಡುವುದಿಲ್ಲ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರೂ ಮುಗ್ಗಲು ವಾಸನೆ ಹೋಗುವುದಿಲ್ಲ. ಮಳೆಗಾಲ ಹತ್ತಿರ ಬಂದ ಹಾಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ‘ತೆಳ್ಳಗಿರಲಿ, ಬೇಗ ಒಣಗಲಿ’ ಎಂದು ಕೇಳುವವರು ಹೆಚ್ಚುತ್ತಾರೆ, ಅಂಗಡಿಯವರು ಮಿಕ್ಸ್ ಕಾಟನ್ ಥಾನು ಬಿಚ್ಚುತ್ತಾರೆ. ಅಂಥದೇ ಥಾನು ಹೊರದೇಶದಿಂದ ಬಂದು ಮಂಗಳೂರು ಬಂದರಿನಲ್ಲಿ ಇಳಿದರೆ ‘ಮಿಕ್ಸ್ ಕಾಟನ್’ ಎಂಬ ಹೆಸರು ಅಲ್ಲಿ ನಡೆಯುವುದಿಲ್ಲ. ಅಲ್ಲಿ ಕೇಳುವುದು ಒಂದು ಸಂಖ್ಯೆಯನ್ನು. ಸರಕಿಗೆ ಆ ಸಂಖ್ಯೆಯನ್ನು ಗೊತ್ತುಮಾಡುವ ಕೆಲಸವೇ ಸುಂಕ ವರ್ಗೀಕರಣ.

‘ಸುಂಕ’ ಸಂಸ್ಕೃತದ ‘ಶುಲ್ಕ’ದ ತದ್ಭವ. ನಮ್ಮ ಬಳ್ಳಿಗಾವಿ ಸೀಮೆಯ ಶಾಸನಗಳಲ್ಲಿ ‘ಪೆರ್ಜುಂಕ’, ಅಂದರೆ ಹಿರಿಯ ಸುಂಕ, ಎಂಬ ಮಾತು ಬರುತ್ತದೆ. ಸುಂಕವನ್ನು ಬಗೆಬಗೆಯಾಗಿ ವಿಂಗಡಿಸುವುದು ನಮಗೆ ಹೊಸತೇನಲ್ಲ. ಈಗಿನ ವಿಂಗಡಣೆ ಮಾತ್ರ ಜಗತ್ತಿಗೆಲ್ಲ ಸೇರಿದ್ದು. ವಿಶ್ವ ಕಸ್ಟಮ್ಸ್ ಸಂಸ್ಥೆ ನೋಡಿಕೊಳ್ಳುವ ಹಾರ್ಮೊನೈಸ್ಡ್ ಸಿಸ್ಟಮ್ ಅಥವಾ ಎಚ್‌ಎಸ್ ಪದ್ಧತಿ 1988ರ ಜನವರಿ 1ರಂದು ಜಾರಿಗೆ ಬಂತು. ಇದರ ಮೊದಲ ಆರು ಅಂಕಿಗಳು ಈ ಪದ್ಧತಿಯನ್ನು ಒಪ್ಪಿದ ಎಲ್ಲ ದೇಶಗಳಲ್ಲೂ ಒಂದೇ. ಭಾರತ ಇನ್ನೆರಡು ಅಂಕಿ ಸೇರಿಸಿ ಎಂಟು ಮಾಡಿಕೊಂಡಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ವಿಳಾಸ ಬರೆದ ಹಾಗೆ ಎರಡೆರಡು ಅಂಕಿ ಮುಂದುವರಿದಂತೆ ಸರಕಿನ ಗುರುತು ಕಿರಿದಾಗುತ್ತದೆ. ಮೊದಲೆರಡು ಅಂಕಿ ಅಧ್ಯಾಯ, ನಾಲ್ಕು ಸೇರಿದರೆ ಶೀರ್ಷಿಕೆ. ಹತ್ತಿಯ ಜಿಲ್ಲೆ 52ನೇ ಅಧ್ಯಾಯ.

ಒಂದು ಚೌಕಳಿ ಷರ್ಟಿಂಗ್ ತುಂಡನ್ನೇ ತೆಗೆದುಕೊಳ್ಳೋಣ. ನೂರಕ್ಕೆ 60 ಪಾಲು ಹತ್ತಿ, 40 ಪಾಲು ಪಾಲಿಯೆಸ್ಟರ್. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕ ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟರೆ 1.18 ಗ್ರಾಂ ತೂಗುತ್ತದೆ. ನೂರರಿಂದ ಗುಣಿಸಿದರೆ ಚದರ ಮೀಟರಿಗೆ 118 ಗ್ರಾಂ. ಅಂಚಿನಿಂದ ಒಂದೊಂದೇ ಎಳೆ ಬಿಡಿಸಿ ಕಡ್ಡಿ ಗೀರಿ ನೋಡಿದರೆ ಹತ್ತಿಯ ಪಾಲು ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ, ಪಾಲಿಯೆಸ್ಟರಿನ ಪಾಲು ಕರಗಿ ಕಪ್ಪು ಗುಂಡಾಗಿ ಗಟ್ಟಿಯಾಗುತ್ತದೆ. ಮಿಶ್ರಣವಿದೆಯೆಂದು ತಿಳಿಯಲು ಇಷ್ಟು ಸಾಕು, ಪಾಲು ಎಷ್ಟೆಂದು ಹೇಳಲು ಪ್ರಯೋಗಾಲಯವೇ ಬೇಕು.

ಈ ಬಟ್ಟೆಯಲ್ಲಿ ಹತ್ತಿಯೇ ಹೆಚ್ಚು, ಹಾಗಾಗಿ 52ನೇ ಅಧ್ಯಾಯ. ಹತ್ತಿ 85 ಪಾಲು ಅಥವಾ ಅದಕ್ಕಿಂತ ಹೆಚ್ಚಿದ್ದು, ಚದರ ಮೀಟರಿಗೆ 200 ಗ್ರಾಂ ಮೀರದಿದ್ದರೆ 5208. ಹತ್ತಿ 85ಕ್ಕಿಂತ ಕಡಿಮೆಯಿದ್ದು, ಬೆರೆತದ್ದು ಮುಖ್ಯವಾಗಿ ಕೃತಕ ನಾರಾಗಿದ್ದರೆ, ತೂಕ ಅಷ್ಟರೊಳಗೇ ಇದ್ದರೆ, 5210. ನಮ್ಮ ತುಂಡು ಇಲ್ಲಿಗೆ ಬಂತು. (ಹತ್ತಿಗೆ ರೇಷ್ಮೆಯೋ ನಾರಗಸೆಯೋ ಬೆರೆತಿದ್ದರೆ 5212.) ಮುಂದಿನ ಎರಡು ಅಂಕಿಗೆ ಬಣ್ಣ ಮತ್ತು ನೇಯ್ಗೆ: ಕೋರಾ (ಬಿಳುಪು ಮಾಡದ್ದು), ಬಿಳುಪು ಮಾಡಿದ್ದು, ಬಣ್ಣ ಅದ್ದಿದ್ದು, ಬಣ್ಣಬಣ್ಣದ ನೂಲಿನಿಂದ ನೇಯ್ದದ್ದು, ಅಚ್ಚು ಹಾಕಿದ್ದು. ಚೌಕಳಿ ನೂಲಿನಲ್ಲೇ ಬಂದಿದೆ, ನೇಯ್ಗೆ ಸಾದಾ. ಆರಂಕಿಯ ಉತ್ತರ 5210 41, ಕೊನೆಯೆರಡು ಭಾರತ ಸೇರಿಸುವ ಅಂಕಿ.

ಜನ ಎಡವುವುದು ಪಾಲಿನ ಲೆಕ್ಕದಲ್ಲಿ. ಶಾಲೆಯ ಸಮವಸ್ತ್ರಕ್ಕೆ ನಾವೆಲ್ಲ ಹೊಲಿಸಿದ ಟೆರಿಕಾಟ್‌ನಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ಹೆಚ್ಚು. ಹೆಸರಿನಲ್ಲಿ ಕಾಟ್ ಇದ್ದರೂ ಅದು 55ನೇ ಅಧ್ಯಾಯದ 5513ಕ್ಕೆ ಹೋಗುತ್ತದೆ, ಮತ್ತು ಅಲ್ಲಿ ಹಗುರವೆಂಬುದರ ಮಿತಿ 170 ಗ್ರಾಂ. 180 ಗ್ರಾಂ ಬಟ್ಟೆ ಹತ್ತಿಯ ಮನೆಯಲ್ಲಿ ಹಗುರ, ಪಾಲಿಯೆಸ್ಟರಿನ ಮನೆಯಲ್ಲಿ ಭಾರ! ಎರಡೂ ಸರಿಯಾಗಿ ಅರ್ಧರ್ಧ ಇದ್ದರೆ ಸಂಖ್ಯೆಯಲ್ಲಿ ಕೊನೆಗೆ ಬರುವ ಶೀರ್ಷಿಕೆಗೆ, ಅಂದರೆ ಪಾಲಿಯೆಸ್ಟರಿಗೇ ಗೆಲುವು. ಇನ್ನೂ ಸೂಕ್ಷ್ಮವಾದದ್ದೊಂದಿದೆ. 45 ಹತ್ತಿ, 30 ಪಾಲಿಯೆಸ್ಟರ್ ತುಂಡುನಾರು (ಗಿಡ್ಡಗೆ ಕತ್ತರಿಸಿ ನೂಲುವ ನಾರು), 25 ವಿಸ್ಕೋಸ್ (ಇದೂ ಕೃತಕ ನಾರೇ) ತುಂಡುನಾರು ಇದ್ದರೆ ಕಣ್ಣಿಗೆ ಹತ್ತಿಯೇ ದೊಡ್ಡದು. ಆದರೆ ಮೊದಲು ಅಧ್ಯಾಯ, ಆಮೇಲೆ ಶೀರ್ಷಿಕೆ ಎಂಬುದು ನಿಯಮ. ಕೊನೆಯೆರಡೂ 55ನೇ ಅಧ್ಯಾಯದವು, ಕೂಡಿದರೆ 55 ಪಾಲು. ಹತ್ತಿ ಸೋಲುತ್ತದೆ.

‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಈಗ ಸಂಖ್ಯೆಯನ್ನು ಮೊದಲು ಹೇಳಬೇಕಾದವರು ಆಮದುದಾರರೇ. ತಪ್ಪಿದರೆ ಕಡಿಮೆ ಬಿದ್ದ ಸುಂಕವನ್ನು ಬಡ್ಡಿ ಸಮೇತ ಕಟ್ಟಬೇಕು. ಥಾನಿನ ಚೀಟಿಯಲ್ಲಿ ‘ಕಾಟನ್ ಬ್ಲೆಂಡ್’ ಎಂದಷ್ಟೇ ಇದ್ದರೆ ಒಪ್ಪಬೇಡಿ. ಪಾಲು ಎಷ್ಟು, ಗ್ರಾಂ ಎಷ್ಟು, ನೇಯ್ಗೆ ಯಾವುದು, ಈ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಸಣ್ಣ ವ್ಯಾಪಾರಿಗಳು ಇದನ್ನು ದೊಡ್ಡವರ ವಿಷಯವೆಂದು ಬಿಟ್ಟುಬಿಡುವುದು ನನಗೆ ನೋವಿನ ಸಂಗತಿ.

ಹೊರಗೆ ಹೋಗುವ ಬಟ್ಟೆಗೂ ಆ ದೇಶದ ಬಾಗಿಲಲ್ಲಿ ಇದೇ ಆರಂಕಿ. ಸಾಗರದ ಬಳಿ ಭೀಮನಕೋಣೆಯ ಕೈಮಗ್ಗದ ಮಹಿಳಾ ಸಹಕಾರ ಸಂಘ ಚರಕದವರು ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ನೂಲಿಗೆ ಬಣ್ಣ ಕಟ್ಟುತ್ತಾರೆ. ಅಂಥ ನೂಲಿನಲ್ಲಿ ಹಾಸು ಹೊಕ್ಕು ಎರಡೂ ಒಂದೇ ಚೊಗರಿನ ಬಣ್ಣದ್ದಾದರೆ ಆ ಅರಿವೆ ‘ಬಣ್ಣ ಅದ್ದಿದ್ದು’. ಹಾಸು ಬಿಳಿ, ಹೊಕ್ಕು ಚೊಗರು ಎಂದಾದರೆ ‘ಬಣ್ಣಬಣ್ಣದ ನೂಲಿನದು’. ಮಗ್ಗದ ಅಂಚುಕಟ್ಟಿನಲ್ಲಿ ಮಾತ್ರ ಬೇರೆ ಬಣ್ಣದ ಎಳೆಯಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.